ಬಾವಿಯಿಂದ ಹದಿನೆಂಟು ಅಡಿ

ನಮ್ಮೂರಿಗೆ ಹೆಣ್ಣು ನೋಡಲು ಬಂದವರು ಹುಡುಗಿಗೆ ಹಾಡು ಹೇಳು, ನಡೆದು ತೋರಿಸು ಎನ್ನುತ್ತಿರಲಿಲ್ಲ. ಬಾವಿಯಿಂದ ಒಂದು ಕೊಡ ನೀರು ತಂದು ಎಲ್ಲರಿಗೂ ಒಂದೊಂದು ಲೋಟ ಕೊಡು ಎನ್ನುತ್ತಿದ್ದರು, ಅಷ್ಟೇ. ಗಂಡಿನ ಅಪ್ಪ ಲೋಟ ಬರಿದು ಮಾಡಿ ಮೀಸೆ ಒರೆಸಿಕೊಂಡರೆ ಮದುವೆ ನಿಕ್ಕಿಯಾದಂತೆ. ಒಂದೇ ಗುಟುಕಿಗೆ ಲೋಟ ಕೆಳಗಿಟ್ಟರೆ ಹುಡುಗಿಗೆ ಈ ಸಂಬಂಧ ಬೇಡವಾಗಿದೆ ಎಂದು ತಿಳಿದು, ಚಪ್ಪಲಿ ಮೆಟ್ಟಿ ಬಂದ ದಾರಿ ಹಿಡಿಯುತ್ತಿದ್ದರು. ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ನಮ್ಮೂರಲ್ಲಿ ನೀರಿಗೆ ಅದನ್ನು ಹೊತ್ತು ತಂದವರ ಮನಸ್ಸು ಹತ್ತಿಕೊಳ್ಳುತ್ತಿತ್ತು. ಸಿಟ್ಟಿನಲ್ಲಿ ತಂದ ನೀರು ಖಾರ, ಹೊಟ್ಟೆಕಿಚ್ಚಿನದು ಒಗರು, ಅತ್ತುಕೊಂಡು ತಂದದ್ದು ಉಪ್ಪು. ಏನನ್ನೋ ಮುಚ್ಚಿಟ್ಟುಕೊಂಡು ತಂದ ನೀರು ಮಾತ್ರ ಬೇವಿನಷ್ಟು ಕಹಿ. ತಮಾಷೆ ಎಂದರೆ ತಾನು ತಂದ ನೀರು ತನಗೆ ಬರೀ ನೀರೇ. ಇನ್ನೊಬ್ಬರು ಕುಡಿದು ಮುಖ ಮಾಡಿದಾಗಲೇ ನಮ್ಮ ಮನಸ್ಸು ನಮಗೆ ಗೊತ್ತಾಗಬೇಕು.

ಇಂಥ ಊರಲ್ಲಿ ಬಾಳುವೆ ಮಾಡುವುದು ಹೊರಗಿನವರಿಗೆ ಕಷ್ಟವೆನಿಸಬಹುದು, ನಮಗೆ ರೂಢಿಯಾಗಿತ್ತು. ಬೆಳಿಗ್ಗೆ ಗಂಡನ ಜೊತೆ ಜಗಳವಾಡಿದವಳು ಖಾಲಿ ಕೊಡ ಹಿಡಿದು ಬಾವಿಕಟ್ಟೆಯ ಮೇಲೆ ಕುಳಿತಿರುತ್ತಿದ್ದಳು, ಸಿಟ್ಟು ಇಳಿಯಲಿ ಎಂದು. ಇಳಿಯದಿದ್ದರೆ ಪಕ್ಕದ ಮನೆಯವಳು ಅವಳ ಮನೆಗೂ ಒಂದು ಕೊಡ ಹೊತ್ತುಕೊಟ್ಟು, "ಇವತ್ತೊಂದಿನ ನಿನ್ನ ಗಂಡ ನನ್ನ ಮನಸು ಕುಡೀಲಿ ಬಿಡು" ಎಂದು ನಗಿಸುತ್ತಿದ್ದಳು. ಅಡಿಗೆಗೆ ಯಾರು ತಂದ ನೀರಾದರೂ ನಡೆಯುತ್ತಿತ್ತು. ಕುದಿ ಬಂತೆಂದರೆ ನೀರಿಗೆ ಹತ್ತಿದ್ದೆಲ್ಲ ಹಾರಿಹೋಗುತ್ತಿತ್ತು. ಅದಕ್ಕೇ ಕುಡಿಯುವ ನೀರನ್ನು ನಮ್ಮಲ್ಲಿ ಯಾರೂ ಕಾಯಿಸುತ್ತಿರಲಿಲ್ಲ. ಬಂದವರಿಗೆ ಕಾಯಿಸಿ ಆರಿಸಿದ ನೀರು ಕೊಟ್ಟರೆ, ನಿಮ್ಮ ಮೇಲೆ ನನಗೆಂಥ ಮನಸ್ಸಿದೆಯೋ ತೋರಿಸಲಾರೆ ಎಂದು ಹೇಳಿದ ಹಾಗೆ. ಅಂಥ ಮನೆಗೆ ಯಾರೂ ಎರಡನೇ ಸಲ ಕಾಲಿಡುತ್ತಿರಲಿಲ್ಲ. ಆರೋಗ್ಯದವರು ಬಂದು ಗೋಡೆಗೋಡೆಗೂ 'ನೀರು ಕುದಿಸಿ ಕುಡಿಯಿರಿ' ಎಂದು ಬರೆಸಿ ಹೋದರು. ಜನ ಅದನ್ನು ಓದಿ, ಪಾಪ, ಇವರ ಮನೆಯಲ್ಲಿ ಎಷ್ಟು ಜಗಳವೋ ಏನೋ ಎಂದು ಮರುಗಿದರು.

ನನ್ನನ್ನು ಸಾಕಿದವಳು ದೊಡವ್ವ ಗುರುಬಸವ್ವ, ನನ್ನ ಅವ್ವನ ಅಕ್ಕ. ನಾನು ಎರಡು ವರ್ಷದವಳಿದ್ದಾಗ ಅವ್ವ ತೀರಿಕೊಂಡಳಂತೆ. ಗಂಡನನ್ನು ಕಳೆದುಕೊಂಡು ಒಬ್ಬಳೇ ಇದ್ದ ದೊಡವ್ವ ನನ್ನನ್ನು ಸೊಂಟಕ್ಕೆ ಏರಿಸಿಕೊಂಡು ತನ್ನ ಮನೆಗೆ ಕರೆತಂದಳು. ಅವಳು ಸೇದಿದ ನೀರು ಎಳನೀರಿನ ಹಾಗೆ ಸಿಹಿ. ನಲವತ್ತು ವರ್ಷದಲ್ಲಿ ಒಂದು ದಿನವೂ ಆ ರುಚಿ ಕೆಟ್ಟಿದ್ದಿಲ್ಲ. ಅವಳಿಗೆ ಸಿಟ್ಟೇ ಬರುತ್ತಿರಲಿಲ್ಲ ಎಂದಲ್ಲ, ನನಗೆ ಬೆನ್ನ ಮೇಲೆ ಬೇಕಾದಷ್ಟು ಬಿದ್ದಿವೆ. ಆದರೆ ಹಗ್ಗಕ್ಕೆ ಕೈ ಹಾಕುವಾಗ ಅವಳ ಮನಸ್ಸಿನಲ್ಲಿ ಏನೂ ಉಳಿಯುತ್ತಿರಲಿಲ್ಲ. ನಮ್ಮ ಮನೆಯ ಬಾವಿ ಹಿತ್ತಲಲ್ಲೇ ಇತ್ತು. ಜ್ವರ ಬಂದವರ ಮನೆಯವರು, ಬಾಣಂತಿ ಮನೆಯವರು, ಕೊನೆಯುಸಿರು ಎಳೆಯುವವರ ಮಕ್ಕಳು ತಂಬಿಗೆ ಹಿಡಿದು ನಮ್ಮ ಹಿತ್ತಲ ಬಾಗಿಲಿಗೆ ಬರುತ್ತಿದ್ದರು. ಸಿಹಿಯಾದ ನೀರು ಒಳ್ಳೆಯ ನೀರು ಎಂದು ಊರು ನಂಬಿತ್ತು. ನಾನೂ ನಂಬಿದ್ದೆ. ಅದನ್ನು ನಂಬದಿರುವುದೇ ನನ್ನ ಕೆಲಸವಾಗಿತ್ತು ಎನ್ನುವುದು ಬೇರೆ ಮಾತು.

ನಾನು ಪಂಚಾಯ್ತಿಯಲ್ಲಿ ನೀರು-ನೈರ್ಮಲ್ಯದ ಕಾರ್ಯಕರ್ತೆ. ಮನೆಮನೆಗೆ ಪಾಯಖಾನೆ ಕಟ್ಟಿಸುವುದು, ಬಾವಿಗಳ ನೀರು ಪರೀಕ್ಷೆ ಮಾಡುವುದು ನನ್ನ ಪಾಲಿಗೆ ಬಂದಿತ್ತು. ಆಗಿನ್ನೂ ಊರಿನ ಹೆಂಗಸರು ಬೆಳಕು ಹರಿಯುವ ಮೊದಲೇ ಕಾಲುವೆ ದಾಟಿ ಬಯಲಿಗೆ ಹೋಗಬೇಕಿತ್ತು. ಮೂರು ವರ್ಷ ನಾನು ಒಂದೊಂದು ಮನೆಯ ಹೊಸಲಿಗೂ ಹೋಗಿ ಕುಳಿತೆ, ಬೈಸಿಕೊಂಡೆ, ಬೇಡಿಕೊಂಡೆ. ತೊಂಬತ್ತೊಂಬತ್ತು ಕಟ್ಟಿಸಿದೆ. ನೂರನೆಯದು ನಮ್ಮದೇ ಮನೆಯದಾಗಬೇಕಿತ್ತು, ಆದರೆ ದೊಡವ್ವ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. "ಉಂಡ ಮನ್ಯಾಗ ಅದನ್ನೂ ಮಾಡೂದೇನ? ಊರಿಗೆಲ್ಲಾ ಬುದ್ಧಿ ಹೇಳು, ನನಗ ಬ್ಯಾಡ" ಎಂದು ಕೈ ಆಡಿಸಿಬಿಡುತ್ತಿದ್ದಳು. ಆ ಮಳೆಗಾಲದಲ್ಲಿ ಕಾಲುವೆ ದಂಡೆಯ ಮೇಲೆ ಜಾರಿ ಬಿದ್ದು ಮಂಡಿ ತಿರುಚಿಕೊಂಡಳು. ಆಮೇಲೆ ಒಪ್ಪಲೇಬೇಕಾಯಿತು.

ಪಾಯಖಾನೆಯ ಗುಂಡಿ ಬಾವಿಯಿಂದ ಐವತ್ತು ಅಡಿ ದೂರ ಇರಬೇಕು ಎಂದು ನಮಗೆ ಕೊಟ್ಟ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿತ್ತು. ಅದನ್ನು ನಾನೇ ತೊಂಬತ್ತೊಂಬತ್ತು ಮನೆಗಳಲ್ಲಿ ಓದಿ ಹೇಳಿದ್ದೆ. ನಮ್ಮ ಹಿತ್ತಲಲ್ಲಿ ಐವತ್ತು ಅಡಿ ಎಂದರೆ ನುಗ್ಗೆ ಗಿಡದ ಆಚೆ, ಕಲ್ಲು ಎದ್ದ ನೆಲ ದಾಟಿ ಹೋಗಬೇಕು. ಆಗ ದೊಡವ್ವ ಗೋಡೆ ಹಿಡಿದು ಹಿತ್ತಲ ಬಾಗಿಲವರೆಗೆ ಬರುವುದೇ ದೊಡ್ಡದಾಗಿತ್ತು. ನಾನು ಟೇಪು ಹಿಡಿದು ಅಳೆದೆ. ಬಾಗಿಲ ಪಕ್ಕದ ಜಾಗ ಬಾವಿಯಿಂದ ಹದಿನೆಂಟು ಅಡಿ ಇತ್ತು. ಗೌಂಡಿ ಫಕೀರಪ್ಪ ಸಲಿಕೆ ಊರಿಕೊಂಡು ನಿಂತು ಕೇಳಿದ.

"ಅಕ್ಕಾರ, ಬಾವಿಗೆ ಸಮೀಪ ಆಗೂದಿಲ್ಲೇನ್ರಿ?"

"ದೊಡವ್ವಗ ಅಷ್ಟ ದೂರ ನಡ್ಯಾಕ ಆಗೂದಿಲ್ಲ ಫಕೀರಪ್ಪ. ಇಲ್ಲೇ ತಗಿ."

ಅವನು ತೆಗೆದ. ವರದಿಯಲ್ಲಿ ನಾನು ಐವತ್ತು ಎಂದು ಬರೆದೆ. ಊರ ಬಾಗಿಲಿಗೆ 'ನೂರಕ್ಕೆ ನೂರು' ಎಂದು ಬಣ್ಣದ ಫಲಕ ಹಾಕಿದರು, ಮೇಲಿನವರು ಬಂದು ನಮ್ಮ ಪಾಯಖಾನೆಯ ಮುಂದೆ ನನ್ನನ್ನು ನಿಲ್ಲಿಸಿ ಫೋಟೋ ತೆಗೆದರು. ಮೊದಲ ದಿನ ದೊಡವ್ವ ಅದರ ಬಾಗಿಲು ತೆಗೆದು ಹೊರಗೆ ಬಂದವಳು, "ರಾಣಿ ಆಗೇನಿ ನೋಡವ್ವಾ, ಕಾಲುವಿ ದಂಡಿ ಕಾಯೂದು ತಪ್ಪಿತು" ಎಂದು ಬಾಯ್ತುಂಬ ನಕ್ಕಳು. ಆ ದಿನ ಅವಳು ಕುಂಟುತ್ತ ಹೋಗಿ ಸೇದಿದ ನೀರಿನಷ್ಟು ಸಿಹಿ ನೀರನ್ನು ನಾನು ಮತ್ತೆ ಕುಡಿಯಲಿಲ್ಲ.

ಮುಂದಿನ ಮಳೆಗಾಲದ ಹೊತ್ತಿಗೆ ದೊಡವ್ವ ಕೋಲೂರಿಕೊಂಡು ಓಡಾಡುವಷ್ಟಾಗಿದ್ದಳು. ಆ ಸಲ ಮಳೆ ಜೋರಾಗಿತ್ತು. ಬಾವಿಯ ನೀರು ಕೈಗೆ ಎಟುಕುವಷ್ಟು ಮೇಲೆ ಬಂತು. ನಾನು ಎಲ್ಲ ಬಾವಿಗಳ ನೀರನ್ನು ಪರೀಕ್ಷೆಯ ಬಾಟಲಿಗಳಲ್ಲಿ ತುಂಬಿಸಿ ಅಡಿಗೆಮನೆಯ ಗೂಡಿನಲ್ಲಿ ಸಾಲಾಗಿ ಇಟ್ಟಿದ್ದೆ. ಬೆರಳುದ್ದದ ಬಾಟಲಿ, ಒಳಗೆ ಔಷಧ ಹಚ್ಚಿದ ಕಾಗದದ ಚೂರು. ಎರಡು ದಿನ ಬೆಚ್ಚಗೆ ಇಟ್ಟಾಗ ಹೊಲಸು ಸೇರಿದ ನೀರು ಕಪ್ಪಾಗುತ್ತದೆ. ಬುಧವಾರ ಬೆಳಿಗ್ಗೆ ನೋಡಿದರೆ ಎಲ್ಲ ಬಾಟಲಿಗಳೂ ಹಾಗೇ ಇದ್ದವು, ನಮ್ಮ ಬಾವಿಯದೊಂದು ಕಾಡಿಗೆಯ ಹಾಗೆ ಕಪ್ಪಾಗಿತ್ತು. ದೊಡವ್ವ ಆಗಷ್ಟೇ ತಂದಿಟ್ಟ ಕೊಡದಿಂದ ಒಂದು ಗುಟುಕು ಕುಡಿದು ನೋಡಿದೆ. ಎಂದಿನಂತೆ ಸಿಹಿಯಾಗಿತ್ತು.

ಬಾಟಲಿ ಕೈಯಲ್ಲಿ ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ನಿಂತಿದ್ದೆ. ಆಗ ಗೋಡೆಯಾಚೆಯಿಂದ ಪಕ್ಕದ ಮನೆಯ ಕಸ್ತೂರಿ ಕೂಗಿದಳು. ಅವಳ ಮಗಳು ದಾನಮ್ಮ, ನಾವೆಲ್ಲ ದಾನಿ ಎಂದು ಕರೆಯುತ್ತಿದ್ದ ನಾಲ್ಕು ವರ್ಷದ ಕೂಸು, ಹಿಂದಿನ ಸಂಜೆಯಿಂದ ವಾಂತಿ ಭೇದಿ ಮಾಡಿಕೊಳ್ಳುತ್ತಿತ್ತು. ನಮ್ಮ ಹಿತ್ತಲಲ್ಲೇ ಆಡಿ, ನಮ್ಮ ಕೊಡದ ನೀರನ್ನೇ ಕುಡಿದು ಬೆಳೆಯುತ್ತಿದ್ದ ಕೂಸು ಅದು.

"ದೊಡವ್ವಾ, ಒಂದ ತಂಬಿಗಿ ನೀರ ಕೊಡ್ರಿ. ದಾನಿ ಬ್ಯಾರೆ ಯಾರ ನೀರೂ ಒಲ್ಲೆ ಅಂತಾಳ. ನಿಮ್ಮದ ಬೇಕಂತ."

"ಕೊಡದ ಏನ ಮಾಡ್ಲೆವ್ವಾ, ತಗೋ. ನನ್ನ ಕೂಸಿಗೆ ಯಾರ ಕಣ್ಣ ಹತ್ತೇತೋ ಏನೋ" ಎನ್ನುತ್ತ ದೊಡವ್ವ ಬಾವಿಯಿಂದ ಹೊಸ ನೀರು ಸೇದಿ, ತಾಮ್ರದ ತಂಬಿಗೆ ತುಂಬಿ ಗೋಡೆಯ ಮೇಲಿಂದ ಚಾಚಿದಳು.

ಕಾಯಿಸಿ ಕೊಡು. ಎರಡೇ ಎರಡು ಮಾತು. ನನ್ನ ನಾಲಿಗೆಯ ತುದಿಯವರೆಗೆ ಬಂದಿದ್ದವು. ಆದರೆ ದೊಡವ್ವನ ನೀರನ್ನು ಕಾಯಿಸು ಎಂದು ಕಸ್ತೂರಿಗೆ ಹೇಗೆ ಹೇಳಲಿ? ಆ ಕೂಸಿನ ಮೇಲೆ ದೊಡವ್ವನಿಗೆ ಕೆಟ್ಟ ಮನಸ್ಸಿದೆ ಎಂದು ಬೀದಿಗೆಲ್ಲ ಸಾರಿದ ಹಾಗಾಗುತ್ತಿತ್ತು. ಬಾಟಲಿ ತೋರಿಸಿ ಕಾರಣ ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ, ನಾನೂ ನನ್ನನ್ನು ಅದನ್ನೇ ಕೇಳಿಕೊಂಡು ಬಂದಿದ್ದೇನೆ. ಕಾರಣ ಹೇಳಿದರೆ ಹದಿನೆಂಟು ಅಡಿ ಎಂದೂ ಹೇಳಬೇಕಿತ್ತು. ಫಲಕ, ಫೋಟೋ, ವರದಿ ಎಲ್ಲ ಕಣ್ಣ ಮುಂದೆ ಬಂತು. ಅದಕ್ಕಿಂತ ಹೆಚ್ಚಾಗಿ ದೊಡವ್ವನ ಮುಖ ಕಣ್ಣ ಮುಂದೆ ಬಂತು. ಮಧ್ಯಾಹ್ನ ಅವಳು ಮಠಕ್ಕೆ ಹೋದಾಗ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಬಿಡುತ್ತೇನೆ, ಯಾರಿಗೂ ಗೊತ್ತಾಗದ ಹಾಗೆ ಎಲ್ಲ ಸರಿಹೋಗುತ್ತದೆ ಎಂದುಕೊಂಡೆ. ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋಗಿ, ಭೇದಿಗೆ ಕೊಡುವ ಓಆರ್‌ಎಸ್ ಪುಡಿಯ ಪೊಟ್ಟಣ ತಂದು ಕಸ್ತೂರಿಯ ಕೈಗಿಟ್ಟೆ. ಅವಳು ಅದನ್ನು ಅದೇ ತಂಬಿಗೆಯ ನೀರಿಗೆ ಹಾಕಿ ಕಲಸಿದಳು. ಅದನ್ನೂ ನಾನು ನೋಡುತ್ತ ನಿಂತೆ.

ಮಧ್ಯಾಹ್ನ ಬಾವಿಗೆ ಪುಡಿ ಹಾಕಿದೆ. ಅಷ್ಟರಲ್ಲಿ ಇನ್ನೂ ಎರಡು ತಂಬಿಗೆ ಗೋಡೆ ದಾಟಿ ಹೋಗಿದ್ದವು. ಗುರುವಾರ ಟೆಂಪೋದಲ್ಲಿ ದೊಡ್ಡಾಸ್ಪತ್ರೆಗೆ ಕರೆದೊಯ್ಯುವಾಗ ದಾನಿ ದಾರಿಯಲ್ಲೇ ಕಣ್ಣು ಮುಚ್ಚಿದಳು. ಆಸ್ಪತ್ರೆಯಲ್ಲಿ ಡಾಕ್ಟರು, ಕೂಸು ಎಂಥ ನೀರು ಕುಡಿಯುತ್ತಿತ್ತು ಎಂದು ಕೇಳಿದರಂತೆ. ಕಸ್ತೂರಿ, "ಸಿಹಿ ನೀರ್ರೀ ಸಾಹೇಬ್ರ. ನಮ್ಮೂರಾಗ ಅದರಷ್ಟು ಸಿಹಿ ನೀರು ಬ್ಯಾರೆ ಇಲ್ರಿ" ಎಂದಳಂತೆ.

ಹನ್ನೊಂದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಕಸ್ತೂರಿ ನಮ್ಮ ಹಿತ್ತಲಿಗೆ ಬಂದು ಬಾವಿಕಟ್ಟೆಯ ಮೇಲೆ ಕುಳಿತಳು. ದೊಡವ್ವ ಮನೆಯಲ್ಲಿರಲಿಲ್ಲ. "ಲೀಲಕ್ಕ, ಬಾಯಿ ಒಣಗೇತಿ, ಒಂದೀಟು ನೀರು ಕೊಡ" ಎಂದಳು. ನಾನು ಏನೂ ಯೋಚಿಸದೆ ಒಂದು ಬಿಂದಿಗೆ ಸೇದಿ ಲೋಟಕ್ಕೆ ಸುರಿದು ಕೊಟ್ಟೆ. ಮೊದಲ ಗುಟುಕಿಗೇ ಅವಳ ಮುಖ ಹಿಂಡಿಹೋಯಿತು. ನಾನು ಅವಳನ್ನೇ ನೋಡುತ್ತ ನಿಂತೆ. ಅವಳು ನನ್ನ ಕೈ ಹಿಡಿದುಕೊಂಡು, "ನಿನಗೂ ಎಷ್ಟು ದುಃಖ ಆಗೇತಿ ಲೀಲಕ್ಕ" ಎಂದು ಅಳತೊಡಗಿದಳು. ದುಃಖದ ನೀರು ಉಪ್ಪಾಗಿರುತ್ತದೆ ಎಂದು ನಮ್ಮೂರಿನ ಮಕ್ಕಳಿಗೂ ಗೊತ್ತು. ಹನ್ನೊಂದು ದಿನ ಅತ್ತ ಬಾಯಿಗೆ ರುಚಿ ತಪ್ಪಿತ್ತೋ, ಅಥವಾ ನನ್ನ ಕೈಯಿಂದ ಬೇರೆ ಏನನ್ನೂ ನಿರೀಕ್ಷಿಸುವುದು ಅವಳಿಗೆ ಆಗಲಿಲ್ಲವೋ. ನಾನು ಹೌದು ಎಂದೆ.

ಅಂದಿನಿಂದ ನಾನು ಕೊಡ ಮುಟ್ಟಲಿಲ್ಲ. ತೋಳು ನೋವು ಎಂದು ಹೇಳಿದೆ. ಮಂಡಿ ನೋವಿನ ದೊಡವ್ವ ನನ್ನ ತೋಳಿಗೆ ಎಣ್ಣೆ ತಿಕ್ಕಿ, ತಾನೇ ನೀರು ಸೇದಿ ಹೊತ್ತು ತರುತ್ತಿದ್ದಳು. ಮನೆಗೆ ಬಂದವರಿಗೆ ನಾನು ನೀರು ಕೊಡುತ್ತಿರಲಿಲ್ಲ, ಚಹಾ ಮಾಡಿ ಕೊಡುತ್ತಿದ್ದೆ. ಕುದಿ ಬಂದ ಮೇಲೆ ಯಾವ ಭಯವೂ ಇಲ್ಲ. ಶುಂಠಿ ಜಜ್ಜಿ ಹಾಕಿದ ಲೀಲಕ್ಕನ ಚಹಾ ಎಂದರೆ ಊರಲ್ಲಿ ಹೆಸರಾಯಿತು, ನನಗೆ ಒಳಗೊಳಗೇ ಹೇಸಿಗೆಯಾಗುತ್ತಿತ್ತು. ಗುಂಡಿ ತುಂಬಿದೆ ಎಂದು ಸುಳ್ಳು ಹೇಳಿ ಪಾಯಖಾನೆಯನ್ನು ನುಗ್ಗೆ ಗಿಡದ ಆಚೆ ಕಟ್ಟಿಸಿದೆ, ನೆಲ ಸಮ ಮಾಡಿಸಿ ಹಿಡಿದುಕೊಂಡು ಹೋಗಲು ಬಿದಿರಿನ ಕಟಾಂಜನ ಹಾಕಿಸಿದೆ. ಆ ದಾರಿ ಎರಡೇ ದಿನದ ಕೆಲಸ. ಮೊದಲೇ ಮಾಡಿಸಬಹುದಿತ್ತು.

ಆಮೇಲೆ ನಲ್ಲಿ ನೀರಿಗಾಗಿ ಓಡಾಡಲು ಶುರು ಮಾಡಿದೆ. ನದಿಯ ನೀರನ್ನು ಶುದ್ಧ ಮಾಡಿ ಕೊಳವೆಯಲ್ಲಿ ಸುತ್ತಲಿನ ಹದಿನಾರು ಊರಿಗೆ ಕೊಡುವ ಯೋಜನೆಯಿತ್ತು, ನಮ್ಮೂರು ಅದರಲ್ಲಿ ಇರಲಿಲ್ಲ. ನಾಲ್ಕು ವರ್ಷ ಅರ್ಜಿ ಹಿಡಿದು ಕಚೇರಿ ಮೆಟ್ಟಿಲು ಸವೆಸಿದೆ. ನನ್ನ ಮುಖ ಕಂಡರೆ ಇಂಜಿನಿಯರು ಫೈಲಿನಲ್ಲಿ ತಲೆ ಹುದುಗಿಸುತ್ತಿದ್ದರು. ಕೊನೆಗೆ ಮನೆಮನೆಯ ಅಡಿಗೆಮನೆಗೂ ನಲ್ಲಿ ಬಂತು. ಊರಿನ ಮಂದಿ ಮೊದಲ ಲೋಟ ಕುಡಿದು ಪೆಚ್ಚಾಗಿ ಒಬ್ಬರನ್ನೊಬ್ಬರು ನೋಡಿಕೊಂಡರು. ಅದಕ್ಕೆ ಯಾರ ಮನಸ್ಸೂ ಹತ್ತಿರಲಿಲ್ಲ. "ಇದೇನ ನೀರವ್ವಾ, ಗುರುತಿಲ್ಲದ ಮಂದಿ ಜೋಡಿ ಬಸ್ಸಿನಾಗ ಕುಂತಂಗ ಆಗತೈತಿ" ಎಂದು ದೊಡವ್ವ ಮೂಗು ಮುರಿದಳು. ಹೆಣ್ಣು ನೋಡಲು ಬಂದವರು ಏನು ಕೇಳಬೇಕೋ ತಿಳಿಯದೆ, ಎಷ್ಟು ಓದಿದ್ದೀಯಮ್ಮ ಎನ್ನತೊಡಗಿದರು. ಆದರೆ ಆ ಮಳೆಗಾಲದಲ್ಲಿ ಊರಿನ ಒಂದು ಕೂಸಿಗೂ ವಾಂತಿ ಭೇದಿ ಆಗಲಿಲ್ಲ, ಮುಂದಿನ ಮಳೆಗಾಲದಲ್ಲೂ ಆಗಲಿಲ್ಲ. ನನ್ನನ್ನು ಊರು ತಲೆಯ ಮೇಲೆ ಹೊತ್ತು ಮೆರೆಸಿತು. ಪಂಚಾಯ್ತಿ ಅಂಗಳದಲ್ಲಿ ಶಾಲು ಹೊದಿಸುವಾಗ ಹಾರ ಹಾಕಲು ಬಂದವಳು ಕಸ್ತೂರಿ. ನನ್ನ ಕಿವಿಯ ಹತ್ತಿರ ಬಾಗಿ, "ನೀ ಇದನ್ನ ಮೊದಲ ತಂದಿದ್ರ ನನ್ನ ದಾನಿ ಉಳೀತಿದ್ಲು ಲೀಲಕ್ಕ" ಎಂದಳು. ಆಕ್ಷೇಪವಿರಲಿಲ್ಲ ಆ ಮಾತಿನಲ್ಲಿ, ಪ್ರೀತಿಯೇ ಇತ್ತು. ನಾನು ನೀರು ತಂದದ್ದು ಮಕ್ಕಳಿಗಾಗಿ ಎಂದು ಅವರೆಲ್ಲ ನಂಬಿದ್ದರು. ನನ್ನ ಕೈಯ ನೀರನ್ನು ಇನ್ನು ಯಾರೂ ಕೇಳದಿರಲಿ ಎಂದೂ ನಾನು ತಂದಿದ್ದೆ.

ಹೀಗೆ ಹತ್ತು ಹನ್ನೆರಡು ವರ್ಷ ನಡೆಯಿತು. ದೊಡವ್ವ ಹಾಸಿಗೆ ಹಿಡಿದಳು. ನಾನು ಅವಳ ಮಂಚವನ್ನು ಅಡಿಗೆಮನೆಗೆ ತಂದು, ಕೈ ಚಾಚಿದರೆ ನಲ್ಲಿ ಸಿಗುವ ಹಾಗೆ ಹಾಕಿಸಿದೆ. ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾಳೆ ಎಂದು ಬಂದವರೆಲ್ಲ ಹೊಗಳಿದರು. ತನ್ನ ಲೋಟ ತಾನೇ ತುಂಬಿಕೊಂಡು ಕುಡಿಯುತ್ತಿದ್ದ ದೊಡವ್ವ ಒಂದು ಮಧ್ಯಾಹ್ನ ನಲ್ಲಿಯ ತಿರುವು ಹಿಡಿದು ಎರಡು ಸಲ ಪ್ರಯತ್ನಿಸಿ ಕೈ ಬಿಟ್ಟಳು. ಬೆರಳಿಗೆ ಬಲವಿರಲಿಲ್ಲ.

"ಚಹಾ ಮಾಡ್ಲೇನ ದೊಡವ್ವಾ?"

"ಚಹಾ ಬ್ಯಾಡ. ನೀರು ಕೊಡು. ಎಷ್ಟ ವರ್ಷ ಆತು ನಿನ್ನ ಕೈಯಾಗಿನ ನೀರ ಕುಡದು."

ತುಟಿ ಒಣಗಿ ಬಿಳಿಚಿಕೊಂಡಿತ್ತು ಅವಳಿಗೆ. ನಲ್ಲಿಯಿಂದ ಅವಳ ಬಾಯಿಗೆ ಎರಡು ಗೇಣು ದೂರ. ಇಷ್ಟರಲ್ಲಿ ಏನು ಹತ್ತೀತು ಎಂದು ಲೋಟ ತುಂಬಿ ಅವಳ ತುಟಿಗೆ ಹಿಡಿದೆ. ಅವಳು ನುಂಗಿದಳು, ನಿಲ್ಲಿಸಿದಳು, ನನ್ನ ಮುಖ ನೋಡಿದಳು. ಆಮೇಲೆ ಒಂದು ಹನಿಯೂ ಬಿಡದೆ ಪೂರ್ತಿ ಕುಡಿದಳು.

"ಯಾವಾಗಿಂದವ್ವಾ?"

"ದಾನಿ ಹೋದಾಗಿಂದ."

ಎಲ್ಲ ಹೇಳಿದೆ. ಟೇಪು, ಹದಿನೆಂಟು ಅಡಿ, ಕಪ್ಪು ಬಾಟಲಿ, ತಂಬಿಗೆ. ಅವಳು ನನ್ನನ್ನು ಬೈಯಲಿಲ್ಲ. ತನ್ನ ಎರಡು ಕೈಗಳನ್ನೂ ಎತ್ತಿ ಅಂಗೈ ನೋಡಿಕೊಂಡಳು. "ನಾನ ಸೇದಿ ಕೊಟ್ನಲ್ಲ" ಎಂದಳು. ಆಗಲೇ ನನಗೆ ನಾನೇನು ಮಾಡಿದೆನೆಂದು ತಿಳಿದದ್ದು. ಏನೂ ತಿಳಿಯದೆ ಸುಖವಾಗಿ ಸಾಯಬಹುದಾಗಿದ್ದ ಜೀವ ಅದು. ಮುಚ್ಚಿಟ್ಟದ್ದು ಒಂದು ತಪ್ಪು, ಕೊನೆಗಾಲದಲ್ಲಿ ಅವಳಿಗೆ ಕುಡಿಸಿದ್ದು ಇನ್ನೊಂದು. ಇವೆರಡರಲ್ಲಿ ಯಾವುದು ದೊಡ್ಡದೆಂದು ನನಗೆ ಇಂದಿಗೂ ತಿಳಿಯದು.

"ಕಸ್ತೂರಿನ್ನ ಕರೀ" ಎಂದಳು ದೊಡವ್ವ.

ಕಸ್ತೂರಿ ಬಂದಳು. ದೊಡವ್ವ ನನಗೆ ನಲ್ಲಿ ತಿರುಗಿಸಲು ಹೇಳಿ, ಲೋಟವನ್ನು ಮಾತ್ರ ತನ್ನ ಎರಡು ಕೈಯಲ್ಲೂ ಹಿಡಿದುಕೊಂಡಳು. ನಡುಗುವ ಕೈಯಿಂದ ಅರ್ಧ ನೀರು ಸೆರಗಿನ ಮೇಲೆ ಚೆಲ್ಲಿತು. ಉಳಿದದ್ದನ್ನು ಅವಳ ಮುಂದೆ ಹಿಡಿದು, "ಕುಡಿಯವ್ವಾ" ಎಂದಳು. ಅಪರೂಪಕ್ಕೆ ಸಿಕ್ಕಿತೆಂಬ ಹಾಗೆ ಕಸ್ತೂರಿ ನಗುತ್ತ ಲೋಟ ಎತ್ತಿದಳು. ಊರಿಗೆಲ್ಲ ಸಿಹಿ ಕುಡಿಸಿದ ಕೈ ಅದು. ಗುಟುಕು ಗಂಟಲಿಳಿಯಿತು. ಅವಳ ನಗು ಹೋಯಿತು. ಇನ್ನೊಂದು ಗುಟುಕು ಕುಡಿದು, ನಾಲಿಗೆಯ ಮೇಲೆ ಇಟ್ಟುಕೊಂಡು, ಮೆಲ್ಲಗೆ ನನ್ನ ಕಡೆ ತಿರುಗಿದಳು.

"ಲೀಲಕ್ಕ, ಬಾವಿಕಟ್ಟಿ ಮ್ಯಾಲ ನೀ ಕೊಟ್ಟಿದ್ದೂ ಇದ ರುಚಿ."

ನಾನು ತಲೆ ತಗ್ಗಿಸಿದೆ.

"ನಾ ಅದನ್ನ ದುಃಖ ಅಂದ್ಕೊಂಡಿದ್ನೆ" ಎಂದಳು. ಏನಾಯಿತು, ಹೇಗಾಯಿತು ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಲೋಟವನ್ನು ಮಂಚದ ಅಂಚಿನಲ್ಲಿಟ್ಟು ಎದ್ದು ಹೋದಳು.

ಅದಾದ ಒಂಬತ್ತನೇ ದಿನ ದೊಡವ್ವನಿಗೆ ಉಸಿರು ಮೇಲೆ ಬಂತು. ಊರವರು ಕೂಡಿದರು. ಬಾಯಿಗೆ ನೀರು ಬಿಡಿರಿ ಎಂದು ಯಾರೋ ಹೇಳಿದರು, ಎಲ್ಲರೂ ನನ್ನ ಮುಖ ನೋಡಿದರು, ನಾನು ಕೈ ಕಟ್ಟಿಕೊಂಡು ಗೋಡೆಗೆ ಆತು ನಿಂತಿದ್ದೆ. ಆಗ ಜನರನ್ನು ಸರಿಸಿಕೊಂಡು ಕಸ್ತೂರಿ ಬಂದಳು. ತನ್ನ ಮನೆಯ ನಲ್ಲಿಯಿಂದ ತುಂಬಿ, ಅಂಗಳ ದಾಟಿ, ಓಣಿ ಬಳಸಿ ಹೊತ್ತು ತಂದ ಒಂದು ಲೋಟ ನೀರು ಅವಳ ಕೈಯಲ್ಲಿತ್ತು. ಮಂಚದ ಪಕ್ಕ ಕುಳಿತು ದೊಡವ್ವನ ಬಾಯಿಗೆ ಚಮಚದಿಂದ ಒಂದು, ಎರಡು, ಮೂರು ಸಲ ಬಿಟ್ಟಳು. ನಾನು ಕಣ್ಣು ಬಿಟ್ಟುಕೊಂಡು ದೊಡವ್ವನ ಮುಖವನ್ನೇ ನೋಡಿದೆ, ಹುಬ್ಬು ಗಂಟಿಕ್ಕುತ್ತದೋ, ತುಟಿ ಸಡಿಲವಾಗುತ್ತದೋ ಎಂದು. ಅವಳು ಮೂರನ್ನೂ ನುಂಗಿದಳು. ಅವಳ ಕೈ ಕಸ್ತೂರಿಯ ಕೈಯನ್ನು ತಡಕಿ ಹಿಡಿದುಕೊಂಡಿತು, ಆಮೇಲೆ ಬಿಟ್ಟಿತು.

ಲೋಟದಲ್ಲಿ ಇನ್ನೂ ಅರ್ಧ ನೀರಿತ್ತು. ಕಸ್ತೂರಿ ಅದನ್ನು ಹಿಡಿದು ಎದ್ದಳು, ನನ್ನ ಎದುರಿಗೆ ಬಂದು ಒಂದು ಕ್ಷಣ ನಿಂತಳು. ಅವಳು ಹಿತ್ತಲಿಗೆ ಹೋಗಿ, ನಲ್ಲಿ ಬಂದ ಮೇಲೆ ಮುಚ್ಚಿದ ಬಾವಿಯ ಪಕ್ಕದ ದಾಸವಾಳದ ಬುಡಕ್ಕೆ ಅದನ್ನು ಸುರಿದು ಮನೆಗೆ ಹೋದಳು. ನನಗೂ ಒಂದು ಗುಟುಕು ಕೊಡು ಎಂದು ನಾನು ಕೇಳಲಿಲ್ಲ.